ಇಪ್ಪತ್ತೆಂಟಕ್ಕೆ ಕೊಟ್ಟ ಸೊನ್ನೆ

ವಿದ್ಯಾರ್ಥಿನಿ ಸ್ವಾತಿಯ ಉತ್ತರಕ್ಕೆ ತಾನು ಕೊಟ್ಟ ಸೊನ್ನೆ ದೇವಿಕಾಳನ್ನು ಮೂರು ದಿನದಿಂದ ಕೊರೆಯುತ್ತಿತ್ತು. ಕೂಸಿಗೆ ಗಂಜಿ ಕುಡಿಸುವಾಗಲೂ ಅದೇ, ತೊಟ್ಟಿಲು ತೂಗುವಾಗಲೂ ಅದೇ.

ಹೈದರಾಬಾದಿನಲ್ಲಿ ಓದಿದ ದೇವಿಕಾ ಮದುವೆಯಾದ ಮೇಲೆ ಜಹೀರಾಬಾದಿನ ಒಂದು ಖಾಸಗಿ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದಳು. ಹೆರಿಗೆಯಾಗಿ ಐದು ತಿಂಗಳಿಗೇ ಮರಳಿದಾಗ ವಿಭಾಗದ ಮುಖ್ಯಸ್ಥ ನಾಮದೇವ, "ಕೈಗೂಸಿನ ತಾಯಿ, ಪೇಪರ್ ತಿದ್ದಾಕ ಆಗ್ತದೇನ್ರಿ?" ಎಂದು ಎಲ್ಲರೆದುರು ಕೇಳಿದ್ದರು. ಅವಳು ಹಟಕ್ಕೆ ಬಿದ್ದು ಉತ್ತರಪತ್ರಿಕೆಗಳ ಕಟ್ಟನ್ನು ಮನೆಗೆ ಹೊತ್ತು ತಂದಿದ್ದಳು.

ಪ್ರಶ್ನೆ ಅವಳದೇ: ಇಪ್ಪತ್ತೆಂಟು ನಡೆಗಳ ಗ್ರೂಪಿನ ಸೆಂಟರ್ ಬರಿದಾಗಿರಬಲ್ಲದೇ? ಅಂದರೆ, ಸುಮ್ಮನಿರುವ ನಡೆಯೊಂದನ್ನು ಬಿಟ್ಟರೆ, ಉಳಿದ ಎಲ್ಲ ನಡೆಗಳ ಹಿಂದೆ ಮಾಡಿದರೂ ಮುಂದೆ ಮಾಡಿದರೂ ಒಂದೇ ಫಲ ಕೊಡುವ ನಡೆ ಬೇರೊಂದು ಇರಕೂಡದು. ಮೂರು ಮೂಲೆಯ ಆಕೃತಿಯನ್ನು ತಿರುಗಿಸುವ, ಮಗುಚುವ ಆರು ನಡೆಗಳು ಹಾಗಿವೆ. ಐದು ಮೂಲೆಯ ಹತ್ತೂ ಹಾಗೇ. ಹದಿನಾಲ್ಕು ಮೂಲೆಯ ಇಪ್ಪತ್ತೆಂಟಕ್ಕೂ ಅದೇ ಮಾತೆಂದು ನಂಬಿ ದೇವಿಕಾ 'ಹೌದು' ಎಂದು ಸರಿಯುತ್ತರದ ಹಾಳೆಯಲ್ಲಿ ಬರೆದಿದ್ದಳು.

ನಾಗಲಗಿದ್ದ ಊರಿನ ಕುರಿ ಸಾಕುವ ಮನೆಯ ಸ್ವಾತಿಯೊಬ್ಬಳೇ 'ಇಲ್ಲ' ಎಂದು ಬರೆದವಳು. ಆ ಸೊನ್ನೆಯಿಂದ ಅವಳು ಎರಡನೆಯವಳಾದಳು. ಹೈದರಾಬಾದಿನ ಬೇಸಿಗೆ ತರಬೇತಿಗೆ ಕಾಲೇಜಿನಿಂದ ಒಬ್ಬರಿಗೇ ಜಾಗ. ಇವತ್ತು ಮಧ್ಯಾಹ್ನ ಹೆಸರು ಹೋಗುವುದಿತ್ತು.

"ಮೇಡಮ್, ನನ್ನ ನಾಕು ಸಾಲು ಓದೀರೇನ್ರಿ?" ಎಂದು ಹುಡುಗಿ ಕೇಳಿದ್ದಳು.

"ಓದದೇ ತಿದ್ದತೀನೇನು?" ಎಂದು ದೇವಿಕಾ ಗದರಿದ್ದಳು. ಓದಿರಲಿಲ್ಲ. ಆಗ ಕೂಸು ಅಳುತ್ತಿತ್ತು.

ಈಗ ಅದೇ ಕೂಸು ಕೌದಿ ಒದ್ದೆ ಮಾಡಿತ್ತು. ಅತ್ತೆ ಗುರುಲಿಂಗಮ್ಮ ಒದ್ದೆಯಾದ ತಲೆಭಾಗವನ್ನು ಕಾಲಿನ ಕಡೆಗೆ ತಿರುಗಿಸಿದರು.

"ಮೊದಲ ಮಗಚಿ ಹಾಕ್ರಿ ಅತ್ತಿ, ಆಮ್ಯಾಲ ತಿರುಗಿಸ್ರಿ," ದೇವಿಕಾ ಸಿಡುಕಿದಳು.

"ಯಾವುದು ಮೊದಲ ಮಾಡಿದರೇನವ್ವ? ಹಸಿ ಕಾಲಕಡೀಗೇ ಹೋಗ್ತದ, ಅಡೀಗೇ ಹೋಗ್ತದ. ಕಾಲೇಜಿನ್ಯಾಗ ಇಷ್ಟೂ ಕಲಸಂಗಿಲ್ಲೇನು?"

ದೇವಿಕಾ ಕೌದಿಯ ಆ ತಿರುವನ್ನೇ ನೋಡಿದಳು. ಅರ್ಧ ಸುತ್ತು! ಮೂರು ಮೂಲೆಗೂ ಐದು ಮೂಲೆಗೂ ಅದು ಇಲ್ಲ. ಹದಿನಾಲ್ಕಕ್ಕೆ ಇದೆ, ಮತ್ತು ಯಾವ ಮಗುಚುವಿಕೆಯ ಹಿಂದೆ ಇಟ್ಟರೂ ಮುಂದೆ ಇಟ್ಟರೂ ಫಲ ಒಂದೇ. ಸೆಂಟರ್ ಬರಿದಲ್ಲ.

ಇಪ್ಪತ್ತೆಂಟರದೇ ಬೇರೊಂದು ಗ್ರೂಪಾದರೂ ತನ್ನನ್ನು ಉಳಿಸೀತೇ ಎಂದು ಕಟ್ಟು ಬಿಚ್ಚಿ ಸ್ವಾತಿಯ ನಾಲ್ಕು ಸಾಲು ಓದಿದಳು. ಹುಡುಗಿ ಆ ದಾರಿಯನ್ನೂ ಮುಚ್ಚಿದ್ದಳು. ಇಪ್ಪತ್ತೆಂಟರೊಳಗಿನ ಏಳರ ತುಂಡನ್ನು ಅದರ ರಚನೆ ಕೆಡದಂತೆ ಅದಲುಬದಲು ಮಾಡುವ ಬಗೆ ಆರೇ. ನಾಲ್ಕು ಆರನ್ನು ಭಾಗಿಸುವುದಿಲ್ಲ. ಹಾಗಾಗಿ ನಾಲ್ಕರ ತುಂಡಿನಲ್ಲಿ, ಸುಮ್ಮನಿರುವುದಲ್ಲದೆ ಇನ್ನೂ ಒಂದು ನಡೆ ಏಳರ ತುಂಡನ್ನು ಕದಲಿಸದೇ ಬಿಡುತ್ತದೆ. ಅದೇ ಸೆಂಟರಿನಲ್ಲಿ ಕೂರುತ್ತದೆ.

ಎರಡು ಗಂಟೆಯಾಗಿತ್ತು. ಒಮ್ಮೆ ನಾಮದೇವರ ನಂಬರ್ ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದಳು. ಬರುವ ವರ್ಷ ಕೆಲಸಕ್ಕೆ ಕರೆಯದಿದ್ದರೆ? ಸ್ಟಾಫ್ ರೂಮಿನಲ್ಲಿ ನಕ್ಕರೆ? ತನ್ನ ಮೇಲೇ ರೇಗಿ ಮತ್ತೆ ಒತ್ತಿದಳು.

"ಹೇಳ್ರಿ ಮೇಡಮ್, ಹೆಸರು ಕಳಸಾಕ ಕೂತೀನಿ," ಎಂದರು ನಾಮದೇವ.

"ಕಳಸಬ್ಯಾಡ್ರಿ ಸರ್. ಸ್ವಾತಿ ಬರದದ್ದು ಬರೋಬರ್ ಅದ. ಉತ್ತರ ನಾನೇ ತಪ್ಪು ಕೊಟ್ಟಿದ್ದೆ. ಆಕಿದು ಓದದೇ ಸೊನ್ನಿ ಹಾಕೀನ್ರಿ."