ಜೋಡಿ ಇಲ್ಲದ ನಕ್ಷತ್ರ

ಹಳಿಯಾಳದ ಕಾಲೇಜಿನಲ್ಲಿ ಶ್ವೇತಕುಬ್ಜಗಳ ಬಗ್ಗೆ, ಅಂದರೆ ಉರಿದು ಮುಗಿದ ನಕ್ಷತ್ರಗಳ ಬಗ್ಗೆ ಮಾತನಾಡಿ ದಾಂಡೇಲಿ ಬಸ್ಸು ಹತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಕೆಲಸವೇನೆಂದು ಕೇಳಿದರು.

"ಸತ್ತ ನಕ್ಷತ್ರಗಳ ತೂಕ ಕಂಡುಹಿಡಿಯೋದು."

"ಅಷ್ಟ ದೂರದ್ದು ಹೆಂಗ ತೂಗ್ತೀರಿ?"

"ಕೆಲವಕ್ಕೆ ಜೋಡಿ ಇರುತ್ತಮ್ಮ. ಸತ್ತದ್ದು ಎಳೆದ ಹಾಗೆ ಜೋಡಿ ಓಲಾಡುತ್ತೆ. ಆ ಓಲಾಟ ಅಳೆದರೆ ತೂಕ ಗೊತ್ತಾಗುತ್ತೆ."

"ಜೋಡಿ ಇಲ್ಲದ್ದು ಸತ್ರ?"

"ಅದರ ತೂಕ ಕಂಡುಹಿಡಿಯೋದು ಬಹಳ ಕಷ್ಟ" ಎಂದೆ, ತರಗತಿಯಲ್ಲಿ ಹೇಳುವ ಹಾಗೆಯೇ.

"ನಮ್ಮಣ್ಣನೂ ಒಬ್ಬನ ಇದ್ದ ನೋಡ್ರಿ. ನಿನ್ನೆ ಮಣ್ಣ ಮಾಡಿದ್ವಿ. ಹೊರಾಕ ನಾಕ ಮಂದಿ ಸೈತ ಕೂಡಲಿಲ್ಲ."

ಒಂಟಿ ನಕ್ಷತ್ರವನ್ನು ತೂಗಲು ಬೇರೆ ದಾರಿಗಳೂ ಇವೆ. ವಿದ್ಯಾರ್ಥಿಗಳಿಗೆ ಅವನ್ನು ಗಂಟೆಗಟ್ಟಲೆ ವಿವರಿಸುತ್ತೇನೆ. ಆ ಹೆಂಗಸಿಗೆ ಇಳಿಯುವಾಗ ಚೀಲ ಎತ್ತಿಕೊಟ್ಟೆ. ವಿಜ್ಞಾನದ ಕಡೆಯಿಂದ ಅವರಿಗೆ ಸಿಕ್ಕಿದ್ದು ಅಷ್ಟೇ.