ಶೈಲಾಳ ಕನ್ನಡಿ ಒಡೆದವಳು

ಶೈಲಾ, ನಿನ್ನ ಪಾರ್ಲರಿನ ಕನ್ನಡಿಯನ್ನು ಒಡೆದವಳು ನಾನು. ನಿನ್ನ ಗಂಡನಲ್ಲ. ಯಾವ ಕೆಲಸದ ಕಾರಣಕ್ಕೆ ನೀನು ಮೂರು ವರ್ಷದಿಂದ ನನ್ನ ತಮ್ಮ ಮಂಜುವಿನ ಮುಖ ನೋಡದೆ ಭದ್ರಾವತಿಯ ತವರಿನಲ್ಲಿ ಕೂತಿದ್ದೀಯೋ, ಆ ಕೆಲಸ ಅವನದಲ್ಲ — ನಿನ್ನ ಅತ್ತಿಗೆಯದು.

ಇದನ್ನು ಓದಿ ನಾನು ಮೆತ್ತಗಾಗಿದ್ದೇನೆ ಎಂದುಕೊಳ್ಳಬೇಡ. ನಿನ್ನನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ನೀನು ಫೋನಿನಲ್ಲಿ ನಗುವ ರೀತಿ, ಚಪ್ಪಲಿ ಬಿಡುವ ರೀತಿ, ನಾನು ಮಾಡಿದ ಸಾರಿಗೆ ಮತ್ತೆ ಉಪ್ಪು ಹಾಕಿಕೊಳ್ಳುವ ರೀತಿ — ಒಂದೂ ಆಗುವುದಿಲ್ಲ. ಗಂಡ ಸತ್ತ ಮೇಲೆ ಹೊಳಲೂರಿನಿಂದ ರಾಗಿಗುಡ್ಡದ ತವರುಮನೆಗೆ ಬಂದವಳು ನಾನು. ನೀನು ಸೊಸೆಯಾಗಿ ಬರುವ ಹೊತ್ತಿಗೆ ಅಡುಗೆಮನೆ ನನ್ನ ಕೈಯಲ್ಲಿತ್ತು. ನೀನು ಅದನ್ನು ಕೇಳಲಿಲ್ಲ, ನಿಜ. ಮುಂದಿನ ಕೋಣೆಯನ್ನಷ್ಟೇ ಕೇಳಿದೆ, ಪಾರ್ಲರ್ ಇಟ್ಟುಕೊಂಡೆ. ನನಗೆ ಅದೂ ಹೆಚ್ಚೆನಿಸಿತು.

ಆಮೇಲೆ ಹಂಡೆ ಹೋಯಿತು. ಅಮ್ಮನಿಗೆ ಅವಳ ತವರಿನವರು ಮದುವೆಯಲ್ಲಿ ಕೊಟ್ಟ ತಾಮ್ರದ ಹಂಡೆ, ಕಂಠದ ಮೇಲೆ ಅವಳ ಹೆಸರು ಕೆತ್ತಿಸಿದ್ದು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಅವಳ ಹೆಸರು ಉಳಿದಿದ್ದು ಅದೊಂದೇ ಕಡೆ. ಹಬ್ಬ ಬಂತೆಂದರೆ ಹುಣಸೆಹಣ್ಣು ಹಾಕಿ ನಾನೇ ತಿಕ್ಕುತ್ತಿದ್ದೆ. ಒಂದು ದಿನ ದೇವಸ್ಥಾನದಿಂದ ಬಂದು ನೋಡಿದರೆ ಬಚ್ಚಲಲ್ಲಿ ಹಂಡೆ ಇಲ್ಲ. ಮುಂದಿನ ಕೋಣೆಯಲ್ಲಿ ಆಳೆತ್ತರದ ಕನ್ನಡಿ. ಹಂಡೆಯನ್ನು ಗಾಂಧಿ ಬಜಾರಿನ ಪಾತ್ರೆ ಅಂಗಡಿಗೆ ಹಾಕಿ, ಅದಕ್ಕೆ ನಿನ್ನ ದುಡಿಮೆಯನ್ನೂ ಸೇರಿಸಿ ನೀವಿಬ್ಬರೂ ಅದನ್ನು ತಂದಿದ್ದಿರಿ.

"ಗೀಸರ್ ಇದೆಯಲ್ಲ ಅತ್ತಿಗೆ, ಹಂಡೆ ಸುಮ್ನೆ ಜಾಗ ತಿನ್ತಿತ್ತು," ಅಂದೆ ನೀನು.

ಹಂಡೆಯನ್ನು ಸ್ಕೂಟರಿನಲ್ಲಿಟ್ಟುಕೊಂಡು ಹೋದವನು ಮಂಜು — ಅದು ನನಗೆ ಗೊತ್ತಿತ್ತು. ಆದರೂ ಅವನ ಮೇಲೆ ಸಿಟ್ಟು ಬರಲಿಲ್ಲ. ನಾನು ಎತ್ತಿ ಆಡಿಸಿದ ತಮ್ಮ... ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರಲ್ಲ, ನನ್ನ ಪಾಲಿಗೆ ಕೊತ್ತಿ ನೀನಾದೆ.

ಆ ಭಾನುವಾರ ಬೆಳಿಗ್ಗೆ, ರಜೆಯ ದಿನವೂ ಗಿರಾಕಿಗಳು ಬರುತ್ತಾರೆಂದು ನೀವಿಬ್ಬರೂ ಕಿತ್ತಾಡಿದಿರಿ. "ಒಂದಿನ ಆ ಕನ್ನಡೀನ ಒಡೆದು ಹಾಕ್ತೀನಿ ನೋಡು," ಎಂದು ಕೂಗಿ ಅವನು ಹೊರಗೆ ಹೋದ. ನೀನು ತರಕಾರಿಗೆ ಹೋದೆ. ಅಮ್ಮ ಎಲೆಅಡಿಕೆ ಕುಟ್ಟುತ್ತಿದ್ದ ಕಬ್ಬಿಣದ ಕುಟ್ಟಾಣಿ ನನ್ನ ಕೈಗೆ ಸಿಕ್ಕಿತು — ಇಲ್ಲ, ಸಿಕ್ಕಿತು ಅನ್ನುವುದೂ ಸುಳ್ಳು, ಹುಡುಕಿ ತೆಗೆದುಕೊಂಡೆ. ಮೂರು ಏಟು ಹೊಡೆದೆ. ಕನ್ನಡಿ ಮೊದಲ ಏಟಿಗೇ ಒಡೆದಿತ್ತು. ಉಳಿದೆರಡು ನಿನಗೆ ಹೊಡೆದದ್ದು.

ಚೂರು ತಗುಲಿ ಅಂಗೈ ಕೊಯ್ದಿತು. ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡೆ. ನೀನು ಬರುವ ಹೊತ್ತಿಗೆ, ಆಗಷ್ಟೇ ಮನೆಗೆ ಬಂದಿದ್ದ ಮಂಜು ಚೂರುಗಳ ನಡುವೆ ನಿಂತಿದ್ದ. ನೀನು ಯಾರನ್ನೂ ಏನೂ ಕೇಳದೆ ಸೀದಾ ಸ್ಟೇಷನ್ನಿಗೆ ನಡೆದೆ. ನಾವಿಬ್ಬರೂ ಹಿಂದೆ ಬಂದೆವು.

ಹೆಡ್ ಕಾನ್‌ಸ್ಟೆಬಲ್ ಕೇಳಿದಾಗ ಮಂಜು ನನ್ನ ಕೈಯ ಬಟ್ಟೆ ನೋಡಿದ. ಆಮೇಲೆ ಹೇಳಿದ:

"ನಾನೇ ಒಡೆದೆ ಸರ್. ನಮ್ಮನೆ ಕನ್ನಡಿ ನಾನು ಒಡೆದ್ರೆ ಅದಕ್ಕೇನು ಕೇಸು?"

ನಮ್ಮ ಓಣಿಯಲ್ಲಿ ಗಂಡಸರು ತಟ್ಟೆ ಎಸೆದದ್ದು, ಟಿವಿ ಒಡೆದದ್ದು ಎಷ್ಟಿಲ್ಲ? ಯಾರೂ ಅದನ್ನು ಅಪರಾಧ ಎಂದುಕೊಂಡಿರಲಿಲ್ಲ. ಬೈದು ಕಳಿಸುತ್ತಾರೆ, ಅಕ್ಕನ ಮರ್ಯಾದೆ ಉಳಿಯುತ್ತದೆ — ಅವನು ಅಷ್ಟೇ ಎಣಿಸಿದ್ದು.

"ಮನೆ ನಿಂದೇ ಇರ್ಲಿ ಮಾರಾಯ. ಬಿಲ್ಲು ಆಯಮ್ಮನ ಹೆಸರಲ್ಲಿದೆ, ಅವಳ ಹೊಟ್ಟೆಪಾಡಿನ ವಸ್ತು. ಗಂಡ ಆದ್ರೂ ಬೇಕಂತ ಹಾಳು ಮಾಡಿದ್ರೆ ಅಪರಾಧಾನೇ," ಎಂದರು ಅವರು.

ಕೋರ್ಟಿನ ಅನುಮತಿ ಪಡೆದು ಕೇಸು ಹಾಕಿದರು. ಮಹಜರಿಗೆ ಮನೆಗೆ ಬಂದವರು ಚೂರುಗಳನ್ನು ತುಂಬಲು ಚೀಲ ಕೇಳಿದರು. ಚೀಲ ತಂದುಕೊಟ್ಟವಳು ನಾನೇ. ಮಂಜು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದ. ಎಲ್ಲೆಡೆಯೂ ನನ್ನದೊಂದು ಮಾತು ಸಾಕಿತ್ತು. ಪೊಲೀಸರಿಗೆ ಹೆದರಿ ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದಲ್ಲ ಶೈಲಾ. ನೀನು ಬ್ಯಾಗಿಗೆ ಸೀರೆ ತುಂಬುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತು ನೋಡಿದೆ, ನನಗೆ ಸಂತೋಷವಾಯಿತು. ಮುಚ್ಚಿಟ್ಟಿದ್ದು ಇದನ್ನು.

ಮಂಜು ಒಂದು ದಿನವೂ ನನ್ನನ್ನು ಏನೂ ಕೇಳಲಿಲ್ಲ. ಬಡಿಸಿದ್ದನ್ನು ಉಂಡು ಎದ್ದು ಹೋಗುತ್ತಾನೆ. ಮೊನ್ನೆ ಮಾತ್ರ ವಿಚ್ಛೇದನದ ಕಾಗದ ಮುಂದಿಟ್ಟುಕೊಂಡು, "ಸೋಮವಾರ ಕೋರ್ಟಲ್ಲಿ ಸಹಿ ಅಕ್ಕ. ಈಗ್ಲಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದ.

"ಇನ್ನೊಂಚೂರು ಅನ್ನ ಹಾಕ್ಲಾ?" ಎಂದೆ ನಾನು.

ಅವನು ತಟ್ಟೆಯಲ್ಲೇ ಕೈ ತೊಳೆದ. ಆಮೇಲೆ ನಾನು ಈ ಕಾಗದ ಬರೆಯಲು ಕೂತೆ.

ಹಂಡೆಯ ವಿಷಯದಲ್ಲಿ ನಿನ್ನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ನೀನು ವಾಪಸು ಬಾ ಎಂದು ಕರೆಯುತ್ತಲೂ ಇಲ್ಲ. ಅದು ನಿಮ್ಮಿಬ್ಬರಿಗೆ ಬಿಟ್ಟದ್ದು. ಆದರೆ ಮಾಡದ ತಪ್ಪಿಗೆ ಅವನನ್ನು ಬಿಡಬೇಡ. ಈ ಕಾಗದದ ಹಿಂದೆಯೇ, ಸೋಮವಾರಕ್ಕೆ ಮೊದಲು, ನಾನು ಭದ್ರಾವತಿಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಬೀದಿಯಲ್ಲಿ ನಿಂತೇ ಹೇಳುತ್ತೇನೆ, ನಿಮ್ಮ ಅಕ್ಕಪಕ್ಕದವರೂ ಕೇಳಲಿ. ಆಮೇಲೆ ಇಬ್ಬರೂ ಅದೇ ಸ್ಟೇಷನ್ನಿಗೆ ಹೋಗೋಣ, ನನ್ನ ಮೇಲೆ ದೂರು ಕೊಡು. ಯಾರು ಒಡೆದದ್ದು ಎಂದು ಕೇಳಿದರೆ ಈ ಸಲ ನಾನು ಅಂಗೈ ತೋರಿಸುತ್ತೇನೆ. ಗಾಯದ ಗುರುತು ಇನ್ನೂ ಇದೆ.