ಆಯಿ ಒಯ್ದ ಕೌದಿ

ಚಳಿಗಾಲ ಮುಗಿದು ಹಾಸಿಗೆ ಹೊದಿಕೆಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕುವ ದಿನ ಬಂತೆಂದರೆ ನಾನು ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಅಲ್ಲೇ ಕುಳಿತುಬಿಡುತ್ತೇನೆ. ಕಾದ ಹಳೆಯ ಅರಿವೆಗೆ ಒಂದು ವಾಸನೆ ಇರುತ್ತದೆ. ಮಡಿಕೆಯೊಳಗಿನ ಒಣ ಬೇವಿನೆಲೆ, ಒಲೆಯ ಹೊಗೆ, ಎಣ್ಣೆ ಹಚ್ಚಿದ ತಲೆ, ಎಂದೋ ಮಲಗೆದ್ದುಹೋದ ಮೈಗಳು, ಎಲ್ಲ ಸೇರಿದ ವಾಸನೆ. ಸೊಸೆ ಕೆಳಗಿನಿಂದ ಗದರುತ್ತಾಳೆ, "ಅತ್ತಿ, ತಲಿ ಸುತ್ತಿ ಬಿದ್ರ ಯಾರು ಎತ್ತಬೇಕ್ರಿ?" ಅವಳ ಮಾತು ಖರೆ. ಆದರೆ ಆ ವಾಸನೆಯೊಳಗೆ ನಮ್ಮ ಆಯಿ ಇದ್ದಾಳೆ, ಹುಣಸೆ ತೋಪು ಇದೆ, ಆ ತೋಪಿಗೆ ಬರುತ್ತಿದ್ದ ಜನರೆಲ್ಲ ಇದ್ದಾರೆ. ಅವರು ಈಗ ಬೇರೆಲ್ಲಿಯೂ ಇಲ್ಲ.

ಆಯಿ ಅಂದರೆ ನಮ್ಮ ಅಪ್ಪನ ತಾಯಿ, ಶಾಂತಮ್ಮ. ನಿಜಾಮರ ಸೀಮೆಯಲ್ಲಿ ಕುಷ್ಟಗಿಯಿಂದ ಯಲಬುರ್ಗಿಗೆ ಹೋಗುವ ಬಂಡಿದಾರಿಯ ಬದಿಯ ಒಂದು ಹಳ್ಳಿ ನಮ್ಮದು. ಊರ ಹೊರಗೆ ನಮ್ಮ ಕೇರಿ, ಕೇರಿಯಾಚೆ ಹಳ್ಳ, ಹಳ್ಳದ ದಂಡೆಗೆ ಆ ತೋಪು. ಬಿಳಿಜೋಳದ ಸುಗ್ಗಿ ಮುಗಿದ ಮೇಲೆ ಮೂರು ದಿನ ಅಲ್ಲಿ ನಮ್ಮ ಜಾತ್ರೆ. ಮೆಥೊಡಿಸ್ಟ್ ಸಭೆಯವರ ಕೂಟ ಅದು, ಆದರೆ ಕೂಟ ಎಂದು ಕರೆದವರನ್ನು ನಾನು ಕಾಣೆ. ಬಂಡಿ ಕಟ್ಟಿಕೊಂಡು, ಗಂಟು ಹೊತ್ತುಕೊಂಡು, ಮಕ್ಕಳುಮರಿ ಸಮೇತ ಬಂದ ಮೇಲೆ ಅದು ಜಾತ್ರೆಯೇ. ಗಂಗಾವತಿ ಕಡೆಯವರು ನೆಲ್ಲಕ್ಕಿ ತಂದು ಸ್ವಲ್ಪ ಬೀಗುತ್ತಿದ್ದರು. ಕೊಪ್ಪಳದವರು ಡಪ್ಪು, ತಾಳ ತರುತ್ತಿದ್ದರು. ನಮ್ಮ ಕಡೆಯವರು ಸಜ್ಜಿರೊಟ್ಟಿ, ಪುಂಡಿಪಲ್ಯ ಬಿಚ್ಚಿ, ಅನ್ನದ ಕಡೆ ನೋಡಿಯೂ ನೋಡದವರಂತೆ ಕೂರುತ್ತಿದ್ದರು. ಬೆಳಗ್ಗೆ ಹಳ್ಳದ ನೀರಿನಲ್ಲಿ ದೀಕ್ಷಾಸ್ನಾನ, ಮಧ್ಯಾಹ್ನ ಪಾಸ್ಟರರ ಉಪದೇಶ, ಹೊತ್ತು ಇಳಿದ ಮೇಲೆ ಸಾಕ್ಷಿ. ಒಬ್ಬೊಬ್ಬರೇ ಎದ್ದು ತಾವು ಹೇಗೆ ಬದುಕಿದೆವು, ಹೇಗೆ ಉಳಿದೆವು ಎಂದು ಹೇಳಿಕೊಳ್ಳುವುದು. ವರ್ಷವಿಡೀ ಗೌಡರ ಹೊಲದಲ್ಲಿ ತಲೆ ಬಗ್ಗಿಸಿ ದುಡಿದವರು ಅಲ್ಲಿ ನಿಂತು ಮಾತಾಡುತ್ತಿದ್ದರು, ನೂರಾರು ಜನ ಕೇಳುತ್ತಿದ್ದರು. ಅದೊಂದಕ್ಕಾಗಿಯೇ ಅವರು ಅಷ್ಟು ದೂರ ಬರುತ್ತಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ.

ಉಪದೇಶದ ಕಟ್ಟೆಯ ಹಿಂದೆ, ಎರಡು ಹುಣಸೆ ಮರಗಳ ನಡುವೆ, ಅರಿವೆಯ ತೇಪೆಗಳನ್ನು ಕೂಡಿಸಿ ಹೊಲಿದ ಆಯಿಯ ಕೌದಿ ಕಟ್ಟುತ್ತಿದ್ದರು. ಜಾತ್ರೆಗೆ ಮೊದಲ ಸಲ ಬಂದ ಮನೆಯವರು ಉಟ್ಟ ಅರಿವೆಯಿಂದ ಅಂಗೈಯಷ್ಟು ಹರಿದು ಆಯಿಗೆ ಕೊಡಬೇಕು. ಆಯಿ ಅದನ್ನು ಅವರೆದುರೇ ಕೌದಿಗೆ ಹಚ್ಚಿ, ಹೊಲಿಯುವಷ್ಟು ಹೊತ್ತೂ ಅವರ ಹೆಸರು, ಅವರ ಊರು ಬಾಯಲ್ಲಿ ಹೇಳುತ್ತಿರುತ್ತಿದ್ದಳು. ಪಾಸ್ಟರರು ಒಮ್ಮೆ, "ಹೆಸರು ಪುಸ್ತಕದಾಗ ಬರದಿಡೂಣು ಆಯಿ" ಅಂದಿದ್ದರು. ಆಯಿ ಸೂಜಿ ನಿಲ್ಲಿಸದೆ ಹೇಳಿದ್ದಳು, "ಕಾಗದದಾಗ ಹೆಸರು ಹತ್ತಿದ್ರ ಬಿಟ್ಟಿ ದುಡ್ಯಾಕ ಕರೀತಾರ್ರಿ ಅಯ್ಯನೋರ. ಅರಿವ್ಯಾಗ ಇರ್ಲಿ. ಅರಿವಿ ಓದಾಕ ಯಾ ಪಟವಾರಿಗೂ ಬರೂದಿಲ್ಲ." ಹೀಗಾಗಿ ನಮ್ಮ ಜಾತ್ರೆಯ ಚರಿತ್ರೆ ಎಂಬುದು ಇದ್ದದ್ದು ಆ ಕೌದಿಯಲ್ಲಿ ಮಾತ್ರ. ಅದರ ಕಡೆಯ ಅಂಚನ್ನು ಆಯಿ ಎಂದೂ ಮುಚ್ಚಿ ಹೊಲಿಯಲಿಲ್ಲ. ಮುಂದಿನ ವರ್ಷ ಬರುವವರಿಗೆ ಜಾಗ ಬೇಕಲ್ಲ.

ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಆಯಿಯ ಕಣ್ಣಿಗೆ ಪೊರೆ ಬಂದಿತ್ತು. ಅವಳು ಬೆರಳಿನಿಂದಲೇ ಓದುತ್ತಿದ್ದಳು, ನನಗೂ ಹಾಗೆಯೇ ಕಲಿಸಿದಳು. ಮಧ್ಯಾಹ್ನ ಪಡಸಾಲೆಯಲ್ಲಿ ಕೌದಿ ಹಾಸಿ, "ಕಣ್ಣು ಮುಚ್ಚ ಮಾರ್ತಾ, ಬೆರಳಾಡಸು, ಹೇಳು" ಎನ್ನುವಳು. ಮೆತ್ತಗಿದ್ದರೆ ಗಂಗಾವತಿಯ ರೂತಮ್ಮನ ಇಳಕಲ್ ಸೆರಗು. ಗಂಜಿ ಹಾಕಿದಂತೆ ಗಡುಸಾಗಿದ್ದರೆ ಕೊಪ್ಪಳದ ಸಾಲಿ ಮಾಸ್ತರರ ಕೋಟು. ಮಧ್ಯದಲ್ಲಿ ಒಂದು ಕರೀ ಕಂಬಳಿಯ ತುಂಡು, ಅದರಲ್ಲಿ ಬೀಡಿಯ ಕಿಡಿ ಸುಟ್ಟ ತೂತು. ಅದನ್ನು ಕೊಟ್ಟವನು ಯಲಬುರ್ಗಿ ಕಡೆಯ ಕುರಿ ಕಾಯುವ ಮನುಷ್ಯ. "ಛಲೋದು ಹರದು ಕೊಡಾಕ ಕೈ ಬರ್ಲಿಲ್ಲೇನು?" ಎಂದು ಹೆಂಡತಿ ಎಲ್ಲರೆದುರು ಬೈದಾಗ ಅವನು, "ತೂತ ಇದ್ರ ಆಯಿಗೆ ಗುರ್ತ ಸಿಗತೈತಿ" ಎಂದು ನಕ್ಕಿದ್ದ. ತಪ್ಪು ಹೇಳಿದರೆ ಆಯಿ ಕಿವಿ ಹಿಂಡುತ್ತಿದ್ದಳು. ಸರಿ ಹೇಳಿದರೆ ಏನೂ ಕೊಡುತ್ತಿರಲಿಲ್ಲ, ಮುಂದಿನ ತೇಪೆಗೆ ನನ್ನ ಬೆರಳನ್ನು ಸರಿಸುತ್ತಿದ್ದಳು ಅಷ್ಟೇ. ನನಗೆ ಅದೇ ಬೇಕಾಗಿತ್ತು.

ರಜಾಕಾರರ ಗಲಾಟೆಯ ವರ್ಷ ಜಾತ್ರೆ ಆಗಲಿಲ್ಲ. ಊರಿಗೆ ಊರೇ ಗಡಿ ದಾಟಿ ಗದಗಿನ ಕಡೆ ಹೊರಟಿತು. ಅಪ್ಪ ಆಗಲೇ ತೀರಿಕೊಂಡಿದ್ದ; ಅವನ ತಮ್ಮ ಯಾಕೋಬ ಕಾಕಾ ಬಂಡಿ ಹೂಡಿದ. ಅವ್ವ ಬೀಸುಕಲ್ಲು ಬಿಟ್ಟು ಬರಲಾರದೆ ಅತ್ತಳು, ಆಯಿ ಮಾತ್ರ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ನಿರಾಶ್ರಿತರ ಗುಡಿಸಲಿಗೆ ಬಂದ ಮೇಲೆ ಅವಳಿಗೆ ಜ್ವರ ಹತ್ತಿತು, ಇಳಿಯಲೇ ಇಲ್ಲ. ಒಂದು ಮಧ್ಯಾಹ್ನ ನಾನೊಬ್ಬಳೇ ಹತ್ತಿರ ಇದ್ದೆ. "ಗಲಾಟಿ ಮುಗದ ಮ್ಯಾಲ ಕೌದಿ ತೋಪಿನ್ಯಾಗ ಕಟ್ಟಬೇಕು. ಹೆಸರ ನೀನಽ ಹೇಳಬೇಕು, ಮತ್ಯಾರಿಗೂ ಬರೂದಿಲ್ಲ," ಅಂದಳು. ಹೂಂ ಅಂದೆ. ಮರುದಿನ ಬೆಳಗಾಗುವಷ್ಟರಲ್ಲಿ ಆಯಿ ಹೋಗಿದ್ದಳು.

ಆಯಿಗೆ ಹೊದಿಸಲು ಕಾಕಾ ಎಲ್ಲಿಂದಲೋ ಬಿಳಿ ಪಂಜೆ ತಂದ. ನನಗೆ ಆಗ ಹನ್ನೆರಡು ವರ್ಷ. ಆಯಿಗೆ ಕಣ್ಣು ಕಾಣುವುದಿಲ್ಲ, ಕೌದಿ ಇಲ್ಲದೆ ದೇವರ ಮುಂದೆ ನಿಂತರೆ ಇಷ್ಟು ಜನರ ಹೆಸರನ್ನು ಹೇಗೆ ಹೇಳುತ್ತಾಳೆ ಎಂಬುದೊಂದೇ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಹೆಸರು ಹೇಳದಿದ್ದರೆ ಅವರನ್ನೆಲ್ಲ ಹೊರಗೆ ನಿಲ್ಲಿಸುತ್ತಾರೆ. ಹೊರಗೆ ನಿಲ್ಲುವುದು ಹೇಗಿರುತ್ತದೆ ಎಂಬುದು ನಮ್ಮ ಕೇರಿಯ ಹುಡುಗಿಗೆ ಯಾರೂ ಕಲಿಸಬೇಕಿರಲಿಲ್ಲ. "ಕೌದಿ ಹೊದಸ್ರಿ," ಎಂದು ಅಳುತ್ತ ಹಟ ಹಿಡಿದೆ. ಅವ್ವ ನನ್ನ ಮುಖ ಹಿಡಿದು ಕೇಳಿದಳು, "ಆಯಿ ನಿನಗ ಹಂಗ ಹೇಳ್ಯಾಳೇನು?" ನಾನು, "ಹೂಂ, ನನ್ನ ಜೋಡಿ ಇಡ್ರಿ ಅಂದಾಳ," ಅಂದೆ. ಸಾಯುವವಳ ಮಾತೆಂದ ಮೇಲೆ ಯಾರು ಎದುರಾಡುತ್ತಾರೆ? ಹೆಸರು ಉದುರಬಾರದೆಂದು ಆ ಬಿಚ್ಚಿದ ಅಂಚನ್ನು ನಾನೇ ಒತ್ತೊತ್ತಾಗಿ ಹೊಲಿದೆ. ಮಣ್ಣು ಹಾಕಿ ಎಲ್ಲರೂ ಹಿಂದಿರುಗಿದೆವು.

ಗಲಾಟೆ ಮುಗಿಯಿತು, ಊರಿಗೆ ಬಂದೆವು, ಜಾತ್ರೆಯೂ ಮತ್ತೆ ಸೇರಿತು. ಎರಡು ಮರಗಳ ನಡುವೆ ಬರೀ ಆಕಾಶ. ಬಂದವರೆಲ್ಲ, "ಕೌದಿ ಎಲ್ಲೈತಿ?" ಎಂದು ಕೇಳಿದರು. "ಆಯಿ ಒಯ್ದಾಳ," ಎಂದ ಕಾಕಾ. ಕುರಿ ಕಾಯುವವನು ಆ ಮರಗಳ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತು, ಸಾಕ್ಷಿ ಹೇಳದೆ ಕುಳಿತುಬಿಟ್ಟ. ಮುಂದಿನ ವರ್ಷ ಅವನು ಬರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಹೆಸರುಗಳಾದರೂ ನನ್ನಲ್ಲಿವೆಯಲ್ಲ ಎಂದುಕೊಂಡೆ. ಆದರೆ ಅವು ನನ್ನ ತಲೆಯಲ್ಲಿರಲಿಲ್ಲ, ಬೆರಳಿನಲ್ಲಿದ್ದವು. ಅರಿವೆ ಹೋದ ಮೇಲೆ ಒಂದೊಂದಾಗಿ ಹೋದವು. ಮುದುಕರು ಸತ್ತರು, ಮಕ್ಕಳು ದುಡಿಯಲು ಪೇಟೆ ಸೇರಿದರು, ತೋಪು ಕಡಿದು ಹೊಲ ಮಾಡಿದರು. ಅದೆಲ್ಲ ಎಲ್ಲ ಕಡೆಯೂ ಆಗುತ್ತದೆ. ಹೆಸರು ಕಳೆದದ್ದು ಮಾತ್ರ ನನ್ನಿಂದ.

ಹೋದ ತಿಂಗಳು ಈಗಿನ ಪಾಸ್ಟರರು, ಮೊಮ್ಮಗನ ವಯಸ್ಸಿನವರು, ನೋಟುಬುಕ್ಕು ಹಿಡಿದುಕೊಂಡು ಬಂದರು. ಜಾತ್ರೆಯ ಚರಿತ್ರೆ ಬರೆದಿಡಬೇಕಂತೆ, ಅದನ್ನು ಕಂಡವಳು ನಾನೊಬ್ಬಳೇ ಉಳಿದಿದ್ದೇನಂತೆ. ಸೊಸೆಯ ಕೌದಿಯೊಂದನ್ನು ತೊಡೆಯ ಮೇಲೆ ಹಾಸಿಕೊಂಡು ಕಣ್ಣು ಮುಚ್ಚಿದೆ. ರೂತಮ್ಮ ಬಂದಳು. ಮಾಸ್ತರರು ಬಂದರು. ಇನ್ನು ಕೆಲವರು ಬಂದರು. ಆಯಿಯ ಕೌದಿಯಲ್ಲಿ ಕಂಬಳಿಯ ತುಂಡಿದ್ದ ಜಾಗಕ್ಕೆ ಬಂದು ಬೆರಳು ನಿಂತಿತು. ಒರಟು ಉಣ್ಣೆ, ತೂತಿನ ಸುಟ್ಟ ಅಂಚು, ಅವನ ನಗು, ಹೆಂಡತಿಯ ಬೈಗುಳ, ಎಲ್ಲ ಇತ್ತು. ಹೆಸರಿರಲಿಲ್ಲ.

"ಇರ್ಲಿ ಬಿಡ್ರಿ ಅಮ್ಮಾರ, ನೆನಪಾದಾಗ ಹೇಳ್ರಿ," ಅಂದರು ಪಾಸ್ಟರರು.

"ಬಿಡಬ್ಯಾಡ್ರಿ," ಅಂದೆ. "ಕರೀ ಕಂಬಳಿ, ಬೀಡಿ ಸುಟ್ಟ ತೂತು ಅಂತ ಬರೀರಿ. ಅದರ ಕೆಳಗ, ಈ ಮನುಷ್ಯಾನ ಹೆಸರ ಮಾರ್ತಾ ಹುಗದಾಳ, ಆಯಿ ಹೇಳಿದ್ಲು ಅಂತ ಸುಳ್ಳು ಹೇಳಿ, ಅಂತ ಬರೀರಿ."

ನಾನು ಬೆರಳನ್ನು ಪಕ್ಕದ ತೇಪೆಗೆ ಸರಿಸಿದೆ. ಅದು ಯಾರದೂ ಆಗಿರಲಿಲ್ಲ.